ಸಹಾಯ ಬೇಕು: ಈ ಹಳೆಯ ಔಟ್‌ಬೋರ್ಡ್ ಮೋಟಾರ್ ಕೊಳ್ಳಲೇ, ಬಿಡಲೇ?

ಎಲ್ಲರಿಗೂ ನಮಸ್ಕಾರ. ನನ್ನ ಸಣ್ಣ ಫೈಬರ್ ದೋಣಿಯ ಹಿಂಬದಿಗೆ ಕೂರಿಸಲೆಂದು 15 ಅಶ್ವಶಕ್ತಿಯ, ಎರಡು ಸಿಲಿಂಡರಿನ 2 ಸ್ಟ್ರೋಕ್ ಮೋಟಾರೊಂದನ್ನು ನೋಡಿ ಬಂದಿದ್ದೇನೆ. "ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ" ಎಂದರು ಮಾರುವವರು. ಆಯಿತು ಕೂಡ. ಆದರೆ ಮುಚ್ಚಳ ತೆಗೆದು ಕೈಯಿಟ್ಟರೆ ಎಂಜಿನ್ ಆಗಲೇ ಬೆಚ್ಚಗಿತ್ತು! ನಾನು ಹೋಗುವ ಮೊದಲೇ ಓಡಿಸಿ ಇಟ್ಟಿದ್ದರೋ ಏನೋ. ತಣ್ಣಗಿದ್ದಾಗಲೂ ಹಾಗೇ ಸ್ಟಾರ್ಟ್ ಆಗುತ್ತದೆಯೋ ತಿಳಿಯಲಿಲ್ಲ.

ತಂಪುಗೊಳಿಸುವ ನೀರು ಹೊರಬರುವ ಸಣ್ಣ ರಂಧ್ರದಿಂದ ನೀರು ಬಂತು, ಆದರೆ ಧಾರೆಯಾಗಿ ಅಲ್ಲ, ತಡೆತಡೆದು ಉಗುಳಿದ ಹಾಗೆ. ಇಂಪೆಲ್ಲರ್ (ಆ ನೀರನ್ನು ಪಂಪು ಮಾಡುವ ರಬ್ಬರ್ ಚಕ್ರ) ಸವೆದಿದ್ದರೆ ಬದಲಿಸಬಹುದು. ಒಳದಾರಿಯಲ್ಲಿ ಉಪ್ಪು ಕಟ್ಟಿಕೊಂಡಿದ್ದರೆ?

ನನ್ನನ್ನು ಹೆಚ್ಚು ಕಾಡುತ್ತಿರುವುದು ಗೇರ್ ಆಯಿಲ್. ಅವರ ಒಪ್ಪಿಗೆ ಪಡೆದು ಗೇರ್ ಪೆಟ್ಟಿಗೆಯ ಕೆಳಗಿನ ತಿರುಪನ್ನು ಚೂರು ಸಡಿಲಿಸಿದೆ. ಬೆರಳಿಗೆ ಹತ್ತಿದ ಎಣ್ಣೆ ಹಾಲು ಬೆರೆತಂತೆ ಬಿಳಿಚಿಕೊಂಡಿತ್ತು. ಎಲ್ಲೋ ಸೀಲ್ ಹೋಗಿ ನೀರು ನುಗ್ಗಿದೆ ಎಂದಾಯಿತು. ಸೀಲ್ ಬದಲಿಸಿದರೆ ಸಾಕೇ, ಅಥವಾ ಬೇರಿಂಗ್, ಗೇರುಗಳನ್ನೂ ತುಕ್ಕು ತಿಂದಿರುತ್ತದೆಯೇ? ಪೂರ್ತಿ ಬಿಚ್ಚದೆ ತಿಳಿಯುವ ಉಪಾಯವಿದೆಯೇ?

ಇನ್ನೊಂದು ತೊಡಕು: ಅದರ ಶಾಫ್ಟ್ (ಹಲಗೆಯಿಂದ ನೀರಿಗಿಳಿಯುವ ಕಾಲು) 20 ಇಂಚಿನದು, ನನ್ನ ದೋಣಿಯ ಹಿಂಬದಿ ಹಲಗೆಯ ಎತ್ತರ 15 ಇಂಚು. ಹಲಗೆ ಎತ್ತರಿಸಿ ಕೂರಿಸಿದವರಿದ್ದರೆ ಅನುಭವ ಹೇಳಿ.

ಮುಂದಿನ ವಾರ ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮಾಪಕ) ಹಿಡಿದು, ಹೇಳದೆ ಕೇಳದೆ ಬೆಳಿಗ್ಗೆಯೇ ಹೋಗುವವನಿದ್ದೇನೆ. ಎರಡು ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕೈಬಿಡುತ್ತೇನೆ. ಅಂಕಿ ಸರಿಯಿದ್ದರೂ ಆ ಬಿಳಿಚಿದ ಎಣ್ಣೆಯನ್ನು ನೋಡಿ ನೀವಾದರೆ ಕೊಳ್ಳುತ್ತಿದ್ದಿರಾ?