ತುರ್ಕಿ: ಸರ್ಕಾರದ ಆಜ್ಞೆ ಜನರ ಬದುಕಿನೊಳಗೆ ಎಷ್ಟು ಇಳಿಯಿತು?

ವಿದ್ಯಾನಗರದ ಓದುಗ, ದಾವಣಗೆರೆ:

ನಮ್ಮೂರಿನಲ್ಲಿ ತಿಂಗಳಿಗೊಮ್ಮೆ ಸೇರುವ ಓದುಬಳಗವೊಂದಿದ್ದು, ಮುಂದಿನ ಸಭೆಯಲ್ಲಿ ತುರ್ಕಿಯ ಸಂಸ್ಕೃತಿಗೂ ಅಲ್ಲಿನ ಸರ್ಕಾರದ ನೀತಿಗೂ ಇರುವ ನಂಟಿನ ಬಗ್ಗೆ ಮಾತನಾಡುವ ಸರದಿ ನನ್ನದಾಗಿದೆ. 1923ರಲ್ಲಿ ಗಣರಾಜ್ಯ ಘೋಷಣೆಯಾದ ಮೇಲೆ ಮುಸ್ತಫಾ ಕೆಮಾಲ್ ಅವರ ಸರ್ಕಾರವು 1924ರಲ್ಲಿ ಖಲೀಫ ಪದವಿಯನ್ನು ರದ್ದುಪಡಿಸಿ, 1925ರಲ್ಲಿ ಗಂಡಸರ ತಲೆಯ ಮೇಲಿನ ಫೆಜ್ ಟೋಪಿಯನ್ನು ತೆಗೆಸಿ, 1928ರಲ್ಲಿ ಅರಬ್ಬಿ ಲಿಪಿಯ ಜಾಗಕ್ಕೆ ಲ್ಯಾಟಿನ್ ಲಿಪಿಯನ್ನು ತಂದು, 1934ರಲ್ಲಿ ಪ್ರತಿಯೊಂದು ಕುಟುಂಬವೂ ಮನೆತನದ ಹೆಸರೊಂದನ್ನು ಇಟ್ಟುಕೊಳ್ಳಲೇಬೇಕೆಂದು ಕಾನೂನು ಮಾಡಿತು. ಇವೆಲ್ಲವೂ ಮೇಲಿನಿಂದ ಹೇರಿದವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೇರಿದ್ದರಲ್ಲಿ ಕೆಲವು ಊರ್ಜಿತವಾದವು, ಕೆಲವು ಉದುರಿಹೋದವು. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದೇ ನನ್ನ ಪ್ರಶ್ನೆ.

ಕೋಟೆ ರಸ್ತೆಯ ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಒಳ್ಳೆಯ ಪ್ರಶ್ನೆ. ಎರಡು ಆಜ್ಞೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರದ ಎಳೆ ಸಿಗುತ್ತದೆ ಎಂದು ನನಗನ್ನಿಸುತ್ತದೆ. ಮೊದಲನೆಯದು ಲಿಪಿ. 1928ರ ನವೆಂಬರ್ 1ರಂದು ಕಾನೂನು ಅಂಗೀಕಾರವಾಯಿತು. ಡಿಸೆಂಬರ್ 1ರಿಂದ ಪತ್ರಿಕೆಗಳು, ಮರುವರ್ಷದ ಮೊದಲ ದಿನದಿಂದ ಪುಸ್ತಕಗಳು ಹೊಸ ಅಕ್ಷರದಲ್ಲೇ ಅಚ್ಚಾಗಬೇಕಾಯಿತು. ಎರಡನೆಯದು ಬಾಂಗು. 1932ರಿಂದ ಮಸೀದಿಗಳಲ್ಲಿ ಅದನ್ನು ಅರಬ್ಬಿಯಲ್ಲಿ ಅಲ್ಲದೆ ತುರ್ಕಿ ಭಾಷೆಯಲ್ಲಿಯೇ ಕೂಗಬೇಕೆಂದು ಸರ್ಕಾರ ಗೊತ್ತುಮಾಡಿತು. 1950ರ ಚುನಾವಣೆಯಲ್ಲಿ ಗೆದ್ದ ಅದ್ನಾನ್ ಮೆಂಡೆರೆಸ್ ಅವರ ಸರ್ಕಾರ ಜೂನ್ ತಿಂಗಳಲ್ಲಿ ಅರಬ್ಬಿ ಬಾಂಗಿನ ಮೇಲಿದ್ದ ನಿಷೇಧವನ್ನು ತೆಗೆಯಿತು ಅಷ್ಟೆ, ತುರ್ಕಿ ಭಾಷೆಯ ಬಾಂಗನ್ನು ನಿಷೇಧಿಸಲಿಲ್ಲ. ಹಾಗಿದ್ದರೂ ಹದಿನೆಂಟು ವರ್ಷ ಕೂಗಿಸಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಯಿತು. ಅದೇ ಮೆಂಡೆರೆಸ್ ಆಗಲಿ, ಅವರ ಬೆಂಬಲಿಗರಾಗಲಿ ಹಳೆಯ ಲಿಪಿಯನ್ನು ಮರಳಿ ತರುವ ಗೋಜಿಗೆ ಹೋಗಲಿಲ್ಲ.

ಕಾರಣ ಸರಳವಾಗಿದೆ. 1927ರ ಜನಗಣತಿಯ ಹೊತ್ತಿಗೆ ನೂರಕ್ಕೆ ಹತ್ತು ಮಂದಿಯ ಆಸುಪಾಸಿನಲ್ಲಷ್ಟೇ ಓದುಬರಹ ಬಲ್ಲವರಿದ್ದರು. ಉಳಿದವರಿಗೆ ಹೊಸ ಲಿಪಿ ಎಂದರೆ ಮೊದಲ ಲಿಪಿಯೇ. ಕಳೆದುಕೊಳ್ಳುವುದಕ್ಕೆ ಅವರ ಬಳಿ ಏನೂ ಇರಲಿಲ್ಲ, ಶಾಲೆಯಲ್ಲೂ ಕಚೇರಿಯಲ್ಲೂ ದಿನನಿತ್ಯ ಉಪಯೋಗ ಮಾತ್ರ ಇತ್ತು. ಬಾಂಗು ಹಾಗಲ್ಲ. ಅಕ್ಷರ ಬಾರದವನಿಗೂ ಅದು ಹುಟ್ಟಿದಾಗಿನಿಂದ ಕಿವಿಯಲ್ಲಿದ್ದದ್ದು.

ಪದಗಳ ವಿಷಯದಲ್ಲಿ ಮಾತ್ರ ಫಲಿತಾಂಶ ಅರೆಬರೆಯಾಯಿತು. 1932ರಲ್ಲಿ ಸ್ಥಾಪನೆಯಾದ ಭಾಷಾ ಸಂಸ್ಥೆ ಅರಬ್ಬಿ, ಫಾರಸಿ ಪದಗಳನ್ನು ಹೆಕ್ಕಿ ಹೆಕ್ಕಿ ತೆಗೆಯಿತು. ಶಾಲೆಗೆ ‘ಮೆಕ್ತೆಪ್’ ಹೋಗಿ ‘ಒಕುಲ್’ ಬಂತು. ಆದರೆ ‘ಕಿತಾಪ್’ ಉಳಿಯಿತು, ‘ತಾರಿಹ್’ ಉಳಿಯಿತು, ‘ಹಕ್’ ಉಳಿಯಿತು. ನಮ್ಮ ಕೋರ್ಟಿನ ಎದುರು ಅರ್ಜಿ ಬರೆಯುವವರ ಮೇಜಿನ ಪಕ್ಕ ಐದು ನಿಮಿಷ ನಿಂತರೆ ತಾರೀಖು, ಹಕ್ಕು, ಕಾಗದ, ವಕೀಲ ಎಂಬ ಮಾತುಗಳು ಕಿವಿಗೆ ಬೀಳುತ್ತವಲ್ಲ, ಅವೇ ಇವು. (ಅಲ್ಲಿ ‘ವೆಕಿಲ್’ ಎಂದರೆ ಪ್ರತಿನಿಧಿ; ಕೋರ್ಟಿನ ವಕೀಲನಿಗೆ ಬೇರೆ ಪದವಿದೆ.) ನಾವು ಯಾರ ಅಪ್ಪಣೆಯೂ ಇಲ್ಲದೆ ಇಟ್ಟುಕೊಂಡ ಪದಗಳನ್ನು ಅವರು ಸಮಿತಿ ಕೂರಿಸಿ ಜರಡಿ ಹಿಡಿದರು. ಪರಿಣಾಮವಾಗಿ ಮುಸ್ತಫಾ ಕೆಮಾಲ್ 1927ರಲ್ಲಿ ಆರು ದಿನಗಳ ಕಾಲ ಮಾಡಿದ ಪ್ರಸಿದ್ಧ ಭಾಷಣವನ್ನು ಇಂದಿನ ಓದುಗರಿಗೆ ಇಂದಿನ ತುರ್ಕಿಗೆ ಬದಲಿಸಿ ಅಚ್ಚುಹಾಕಬೇಕಾಗಿದೆ.

ಹರಿಹರದ ಹಾರ್ಮೋನಿಯಂ:

ಮೇಷ್ಟ್ರ ಮಾತಿಗೆ ಸಂಗೀತದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಗಣರಾಜ್ಯಕ್ಕೆ ಮುಂಚೆ ಆಳುತ್ತಿದ್ದ ಒಟ್ಟೋಮನ್ ಸುಲ್ತಾನರ ದರ್ಬಾರಿನ ಸಂಗೀತ ಪರಕೀಯ, ಹಳ್ಳಿಯ ಹಾಡೇ ನಿಜವಾದ ತುರ್ಕಿ ಸಂಗೀತ, ಅದನ್ನು ಪಾಶ್ಚಾತ್ಯ ಸಂಗೀತದೊಂದಿಗೆ ಬೆಸೆದರೆ ರಾಷ್ಟ್ರೀಯ ಸಂಗೀತ ಹುಟ್ಟುತ್ತದೆ ಎಂಬುದು ಚಿಂತಕ ಜಿಯಾ ಗೊಕಾಲ್ಪ್ ಅವರ ವಾದವಾಗಿತ್ತು. ಇದನ್ನೇ ಹಿಡಿದು 1934ರ ನವೆಂಬರಿನಲ್ಲಿ ರೇಡಿಯೋದಿಂದ ಹಳೆಯ ಶಾಸ್ತ್ರೀಯ ಸಂಗೀತವನ್ನು ಹೊರಹಾಕಿದರು; ಆ ನಿಷೇಧ 1936ರವರೆಗೂ ನಡೆಯಿತು. ರೇಡಿಯೋ ಇದ್ದವರು ಸುಮ್ಮನೆ ಕೂರಲಿಲ್ಲ, ಅರಬ್ ನಿಲ್ದಾಣಗಳ ಕಡೆಗೆ ಮುಳ್ಳು ತಿರುಗಿಸಿದರು. ಅರಬ್ಬಿ ಪ್ರಭಾವವನ್ನು ತೊಳೆಯಲು ಹೊರಟ ನೀತಿ ಜನರನ್ನು ಅರಬ್ಬಿ ಹಾಡಿನ ಹತ್ತಿರಕ್ಕೇ ನೂಕಿತು!

ಮುಂದೆ, ಅರವತ್ತು–ಎಪ್ಪತ್ತರ ದಶಕಗಳಲ್ಲಿ ಹಳ್ಳಿ ಬಿಟ್ಟು ಇಸ್ತಾಂಬುಲ್ ಸೇರಿದವರು ರಾತ್ರೋರಾತ್ರಿ ಎಬ್ಬಿಸಿದ ಗುಡಿಸಲು ಬಡಾವಣೆಗಳಲ್ಲಿ ‘ಅರಬೆಸ್ಕ್’ ಎಂಬ ಗೋಳಿನ ಹಾಡು ಬೆಳೆಯಿತು. ಓರ್ಹಾನ್ ಗೆಂಜೆಬಾಯ್ ಅದರ ದೊಡ್ಡ ಹೆಸರು. ಸರ್ಕಾರಿ ರೇಡಿಯೋ, ಟಿವಿ ಅದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆದರೆ ಷೇರ್ ಟ್ಯಾಕ್ಸಿಯ ಕ್ಯಾಸೆಟ್ ಪ್ಲೇಯರಿಗೆ ಸರ್ಕಾರದ ಅಪ್ಪಣೆ ಯಾಕೆ ಬೇಕು? ಕೊನೆಗೆ 1989ರಲ್ಲಿ ಸಂಸ್ಕೃತಿ ಸಚಿವಾಲಯವೇ ಮುಂದೆ ನಿಂತು ‘ನೋವಿಲ್ಲದ ಅರಬೆಸ್ಕ್’ ಎಂಬ ಮಾದರಿಯನ್ನು ತಯಾರು ಮಾಡಿಸಿತು. ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿಯ ಜೊತೆಗೆ ಖಾರವಿಲ್ಲದ ಮೆಣಸಿನಕಾಯಿ ಬಜ್ಜಿ ಮಾರಲು ಕೂತರೆ ಎಷ್ಟು ವ್ಯಾಪಾರವಾದೀತೋ ಅದಕ್ಕೂ ಅಷ್ಟೇ ವ್ಯಾಪಾರವಾಯಿತು.

ಹಟ್ಟಿಯ ಹುಡುಗಿ, ಚಳ್ಳಕೆರೆ:

ಹಿರಿಯರ ವಿವರಣೆಯನ್ನು ಒಪ್ಪುತ್ತಲೇ ಒಂದು ತಕರಾರು ಎತ್ತುತ್ತೇನೆ. ‘ಉಪಯೋಗವಿದ್ದದ್ದು ಉಳಿಯಿತು’ ಎಂದುಬಿಟ್ಟರೆ ಪೊಲೀಸರ ಪಾತ್ರ ಮರೆಯಾಗುತ್ತದೆ. 1983ರ ಕಾನೂನೊಂದು ಅಲ್ಲಿನ ಅಲ್ಪಸಂಖ್ಯಾತರಾದ ಕುರ್ದರು ಆಡುವ ಕುರ್ದಿಷ್ ಭಾಷೆಯ ಹೆಸರನ್ನೇ ಎತ್ತದೆ, ತುರ್ಕಿ ಮಾನ್ಯ ಮಾಡಿರುವ ದೇಶಗಳ ಮೊದಲನೆಯ ಅಧಿಕೃತ ಭಾಷೆಗಳನ್ನು ಬಿಟ್ಟು ಬೇರಾವ ಭಾಷೆಯಲ್ಲಿಯೂ ವಿಚಾರ ಪ್ರಕಟಿಸಬಾರದು ಎಂದಿತು. ಇರಾಕಿನಲ್ಲಿ ಕುರ್ದಿಷ್‌ಗೆ ಮಾನ್ಯತೆ ಇದ್ದರೂ ಮೊದಲನೆಯ ಸ್ಥಾನ ಇರಲಿಲ್ಲವಾದ್ದರಿಂದ ಅದು ಅನಾಯಾಸವಾಗಿ ಬಲೆಗೆ ಬಿತ್ತು. ಈ ಕಾನೂನು 1991ರವರೆಗೆ ಇತ್ತು. 2009ರ ಜನವರಿ 1ರಂದು ಅದೇ ಸರ್ಕಾರಿ ಪ್ರಸಾರ ಸಂಸ್ಥೆ ಕುರ್ದಿಷ್ ವಾಹಿನಿಯನ್ನು ಆರಂಭಿಸಿತು. ಅಂದರೆ ಆ ಭಾಷೆ ಇಪ್ಪತ್ತಾರು ವರ್ಷಗಳಲ್ಲಿ ಅಪರಾಧದಿಂದ ಕಾರ್ಯಕ್ರಮಪಟ್ಟಿಗೆ ಬಂತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 1925ರಲ್ಲಿ ಸೂಫಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಕೊನ್ಯಾದಲ್ಲಿ ಜಲಾಲುದ್ದೀನ್ ರೂಮಿಯವರ ಪರಂಪರೆಯ ಮಠವನ್ನೂ ಮುಚ್ಚಿ, ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಐವತ್ತರ ದಶಕದಲ್ಲಿ ಅಲ್ಲಿನ ಸಾಧಕರು ಗಿರ್ರನೆ ಸುತ್ತುತ್ತ ಮಾಡುವ ಆರಾಧನೆಗೆ ಮತ್ತೆ ಅವಕಾಶ ಸಿಕ್ಕಿತು, ಆದರೆ ಆರಾಧನೆಯಾಗಿ ಅಲ್ಲ, ಡಿಸೆಂಬರಿನ ಸ್ಮರಣೋತ್ಸವದ ಪ್ರದರ್ಶನವಾಗಿ. 2008ರಲ್ಲಿ ಅದು ಯುನೆಸ್ಕೋ ಪಟ್ಟಿಯನ್ನೂ ಸೇರಿತು. ಮಠ ಮುಚ್ಚಿಸಿದ ಕಾನೂನು ಈಗಲೂ ರದ್ದಾಗಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಹಟ್ಟಿಯ ಅಜ್ಜನ ನೆನಪಾಯಿತು. ಗಣೆ ಊದುತ್ತ ಜುಂಜಪ್ಪನ ಕಥೆ ಹೇಳಲು ಕೂತರೆ ಅವರಿಗೆ ಬೆಳಗಿನ ಜಾವದವರೆಗೂ ಬೇಕು. ಒಮ್ಮೆ ಒಂದು ಸರ್ಕಾರಿ ಉತ್ಸವಕ್ಕೆ ಕರೆದು, ಹೊಸ ಪಂಚೆ, ಶಾಲು ಕೊಟ್ಟು, ವೇದಿಕೆಯ ಮೇಲೆ ಏಳು ನಿಮಿಷ ಕೊಟ್ಟರು. ಅಜ್ಜ ದೇವರನ್ನು ನೆನೆದು ಮುಗಿಸುವಷ್ಟರಲ್ಲಿ ಮೈಕು ನಿರೂಪಕರ ಕೈ ಸೇರಿತ್ತು. ಯಾರೂ ಅವರನ್ನು ನಿಷೇಧಿಸಿರಲಿಲ್ಲ, ಎಲ್ಲರೂ ಗೌರವವನ್ನೇ ತೋರಿಸಿದ್ದರು.

ವಿದ್ಯಾನಗರದ ಓದುಗ, ದಾವಣಗೆರೆ:

ಮೂವರಿಗೂ ಕೃತಜ್ಞತೆಗಳು. ಮೇಷ್ಟ್ರೇ, ಒಂದು ಅನುಮಾನ ಉಳಿದಿದೆ: ಈಗಿನ ಸರ್ಕಾರ ಹಳೆಯ ನೀತಿಯನ್ನು ಪೂರ್ತಿ ತಿರುಗಿಸಿದೆ ಎನ್ನಬಹುದೇ?

ಕೋಟೆ ರಸ್ತೆಯ ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಮೊದಲಿಗೆ, ತಂಗಿ ಎತ್ತಿದ ತಕರಾರು ಸರಿಯಾಗಿದೆ; ನನ್ನ ಮಾತಿನಲ್ಲಿ ದಂಡದ ಲೆಕ್ಕ ಬಿಟ್ಟುಹೋಗಿತ್ತು.

ನಿಮ್ಮ ಪ್ರಶ್ನೆಗೆ ಬಂದರೆ, ದಿಕ್ಕು ತಿರುಗಿದೆ, ಚುಕ್ಕಾಣಿ ಅದೇ ಇದೆ. ಇಸ್ತಾಂಬುಲಿನಲ್ಲಿ ಮೊದಲು ಚರ್ಚಾಗಿದ್ದು ಆಮೇಲೆ ಮಸೀದಿಯಾಗಿದ್ದ ಆಯಾ ಸೋಫಿಯಾವನ್ನು 1934ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದು ಮಂತ್ರಿಮಂಡಲದ ತೀರ್ಮಾನ. 2020ರ ಜುಲೈನಲ್ಲಿ ನ್ಯಾಯಮಂಡಳಿ ಆ ತೀರ್ಮಾನವನ್ನು ರದ್ದುಪಡಿಸಿದ ದಿನವೇ ಅದನ್ನು ಮಸೀದಿಯಾಗಿ ತೆರೆಯಲು ಆದೇಶ ಹೊರಡಿಸಿದವರು ಅಧ್ಯಕ್ಷ ಎರ್ದೋಗಾನ್. ಆ ಆದೇಶದಲ್ಲಿ ಕಟ್ಟಡವನ್ನು ಯಾವ ಇಲಾಖೆಯ ಸುಪರ್ದಿಗೆ ಕೊಟ್ಟರೆಂಬುದನ್ನು ಸಭೆಯಲ್ಲಿ ತಪ್ಪದೆ ಹೇಳಿ: ದಿಯಾನೆತ್, ಅಂದರೆ ಇಮಾಮರಿಗೆ ಸಂಬಳ ಕೊಡುವ ಸರ್ಕಾರಿ ಧಾರ್ಮಿಕ ಇಲಾಖೆ. ಅದು ಹುಟ್ಟಿದ್ದು 1924ರಲ್ಲಿ, ಖಲೀಫ ಪದವಿ ರದ್ದಾದ ದಿನವೇ, ಮುಸ್ತಫಾ ಕೆಮಾಲರ ಕಾಲದಲ್ಲಿ.