ಸಹಾಯ ಬೇಕು: ರಾಕೆಟ್ ನಾಝಲ್ ಅದುರೋದನ್ನ ಮಕ್ಕಳಿಗೆ ತೋರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡ್ತೀನಿ. ಮೊನ್ನೆ ಕ್ಲಾಸಲ್ಲಿ ಸ್ಪೇಸ್ ಶಟಲ್ ಎಂಜಿನ್ ಹೊತ್ತಿಕೊಳ್ಳೋ ಸ್ಲೋ ಮೋಷನ್ ವಿಡಿಯೋ ಹಾಕಿದ್ದೆ. ಮೇಲೇಳೋಕೆ ಸುಮಾರು 6.6 ಸೆಕೆಂಡ್ ಮುಂಚೆ ಹೊತ್ತಿಸ್ತಿದ್ರಲ್ಲ, ಆಗ ಅಷ್ಟು ಗಟ್ಟಿ ಲೋಹದ ನಾಝಲ್, ಅಂದ್ರೆ ಬಿಸಿ ಅನಿಲ ಹೊರಬರೋ ಗಂಟೆಯಾಕಾರದ ಬಾಯಿ, ತೆಳು ತಗಡಿನ ಥರ ವಾಲಾಡುತ್ತೆ. "ಸರ್, ಒಡೆದುಹೋಗಲ್ವಾ?" ಅಂದ ಹಿಂದಿನ ಬೆಂಚಿನವನೊಬ್ಬ.

ಒಳಗಿನ ಒತ್ತಡ ಪೂರ್ತಿ ಏರೋ ಮುಂಚೆ ಹೊರಗಿನ ಗಾಳಿಯ ಒತ್ತಡಕ್ಕೆ ಬಿಸಿ ಅನಿಲ ಗೋಡೆ ಬಿಟ್ಟುಕೊಡುತ್ತೆ, ಅದೂ ಸುತ್ತಲೂ ಒಂದೇ ಸಮ ಅಲ್ಲ, ಅದಕ್ಕೇ ಪಕ್ಕಕ್ಕೆ ತಳ್ಳಾಟ ಅಂತ ಹೇಳಿದೆ. ಇಸ್ರೋದ ಸಿಇ-20 ರಾಕೆಟ್ ಎಂಜಿನ್ನಿನ ನಾಝಲ್ಲಿನ ಬಾಯಿಯ ವಿಸ್ತೀರ್ಣ ಕುತ್ತಿಗೆಯ (ಅತಿ ಕಿರಿದಾದ ಭಾಗದ) 100 ಪಟ್ಟು. 2024ರ ನವೆಂಬರಲ್ಲಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದನ್ನ ನೆಲಮಟ್ಟದ ಗಾಳಿಯೊತ್ತಡದಲ್ಲಿ ಪರೀಕ್ಷಿಸುವಾಗ ಇದೇ ಕಾಟಕ್ಕೆ ನಾಝಲ್‌ಗೆ ಬೇರೆ ರಕ್ಷಣೆ ಕೊಟ್ಟಿದ್ರು. ಬಾಯಲ್ಲಿ ಹೇಳಿದ್ದು ಮಕ್ಕಳ ತಲೆಗೆ ಹೋದಂತಿಲ್ಲ.

ಬೆಂಕಿ ಇಲ್ಲದೆ, ಬರೀ ಗಾಳಿಯಲ್ಲಿ ಇದನ್ನ ಮಾಡಿ ತೋರಿಸಿದವರು ಯಾರಾದ್ರೂ ಇದ್ದೀರಾ? ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಿಗುತ್ತೆ. ನಾಝಲ್‌ಗೆ ಏನು ಬಳಸಲಿ? ಸದ್ದು ರೆಕಾರ್ಡ್ ಮಾಡೋಕೆ ಹೋದ್ರೆ ಫೋನ್ ಮೈಕ್ ಬರೀ ಗೊರಗೊರ ಅನ್ನುತ್ತೆ, ಅದಕ್ಕೂ ಉಪಾಯ ಹೇಳಿ. ಮುಂದಿನ ಶನಿವಾರ ಕ್ಲಾಸಿದೆ.