ಸಹಾಯ ಬೇಕು: 30 ಸಾವಿರದಲ್ಲಿ ಹಳೇ ಪಿಸಿ ಅಪ್‌ಗ್ರೇಡ್, ಮೊದಲು ಯಾವುದು?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ರೈಜನ್ 3 3200ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಇರುವ ಪಿಸಿ ಇದೆ. ರ‍್ಯಾಮ್ ಒಂದೇ ಸ್ಟಿಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವ್ಯಾಲರಂಟ್ ಗೇಮ್ ಲೋ ಸೆಟ್ಟಿಂಗ್ಸ್‌ನಲ್ಲಿ ಪರವಾಗಿಲ್ಲ, ಆದರೆ ಜಿಟಿಎ 5 ಹಾಕಿದರೆ ಊರೊಳಗೆ ಗಾಡಿ ಓಡಿಸುವಾಗ ತುಂಬಾ ತಡವರಿಸುತ್ತದೆ. ಒಂದು ವರ್ಷ ಉಳಿಸಿದ ದುಡ್ಡು ಇದು, ಸುಮ್ನೆ ಹಾಳಾಗಬಾರದು ಅಂತ ಕೇಳುತ್ತಿದ್ದೇನೆ.

ನನ್ನ ಯೋಚನೆ ಹೀಗಿದೆ. ಬೋರ್ಡ್ ಹಾಗೇ ಇಟ್ಟುಕೊಂಡು, ಬಯೋಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ರೈಜನ್ 5 5600 ಹಾಕುವುದು, ಜೊತೆಗೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ಹೊಸ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಹಳೆಯದು ಇದ್ದಾಗಲೇ ಬಯೋಸ್ ಮುಗಿಸಬೇಕು ಅಲ್ವಾ? ಮಧ್ಯದಲ್ಲಿ ಕರೆಂಟ್ ಹೋದರೆ ಅನ್ನುವ ಭಯ ಇದೆ, ನಮ್ಮ ಮನೆಯಲ್ಲಿ ಯುಪಿಎಸ್ ಇಲ್ಲ.

ನಿಜವಾದ ತಲೆನೋವು ಪವರ್ ಸಪ್ಲೈ. ಕ್ಯಾಬಿನೆಟ್ ಜೊತೆ ಅಂಗಡಿಯವರು ಕೊಟ್ಟದ್ದು, ಮೇಲೆ 450 ವ್ಯಾಟ್ ಅಂತ ಬರೆದಿದೆ, 80 ಪ್ಲಸ್ (ವಿದ್ಯುತ್ ದಕ್ಷತೆಯ) ಗುರುತು ಇಲ್ಲ, ಕಾರ್ಡ್‌ಗೆ ಬೇಕಾದ 8 ಪಿನ್ ಕೇಬಲ್ ಕೂಡ ಇಲ್ಲ. ಕಾರ್ಡ್ 132 ವ್ಯಾಟ್ ಅಷ್ಟೇ, ಬೇರೆ ಕೇಬಲ್‌ನಿಂದ 8 ಪಿನ್ ಮಾಡುವ ಕನ್ವರ್ಟರ್ ಹಾಕಿದರೆ ಸಾಕು ಅಂತ ಗೆಳೆಯ ಹೇಳುತ್ತಾನೆ. ನನಗೆ ಧೈರ್ಯ ಬರುತ್ತಿಲ್ಲ. ಒಳ್ಳೆಯ 550 ವ್ಯಾಟ್‌ದು ತೆಗೆದುಕೊಂಡರೆ ಪ್ರೊಸೆಸರ್‌ಗೆ ದುಡ್ಡು ಸಾಲುವುದಿಲ್ಲ.

ಹಾಗಾದರೆ ಈಗ ಪವರ್ ಸಪ್ಲೈ, ಕಾರ್ಡ್, ಇನ್ನೊಂದು 8 ಜಿಬಿ ಸ್ಟಿಕ್ ಮಾತ್ರ ಹಾಕಿ, ಪ್ರೊಸೆಸರ್ ಆರು ತಿಂಗಳು ಬಿಟ್ಟು ನೋಡಲೇ? 3200ಜಿ ಆ ಕಾರ್ಡನ್ನು ಎಷ್ಟು ಹಿಂದೆ ಎಳೆಯುತ್ತದೆ? ಇದೇ ಜೋಡಿ ಬಳಸಿದವರು ದಯವಿಟ್ಟು ಹೇಳಿ. ಶನಿವಾರ ಬೆಂಗಳೂರಿಗೆ ಬಂದು ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ ತೆಗೆದುಕೊಳ್ಳುತ್ತೇನೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡಿದರೆ ಏನೇನು ಪರೀಕ್ಷಿಸಬೇಕು ಅಂತಲೂ ತಿಳಿಸಿ.